ಹಳೆಯ ಪಿಎಚ್‌ಪಿ ತಂತ್ರಾಂಶವನ್ನು ಪೂರ್ತಿ ಕೆಡವಿ ಕಟ್ಟಬೇಕೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಚಿಕ್ಕ ಕಂಪನಿ. ಉತ್ತರ ಕರ್ನಾಟಕದ ಸಗಟು ವ್ಯಾಪಾರಿಗಳಿಗೂ ವಿತರಕರಿಗೂ ಬಿಲ್ಲಿಂಗ್ ಮತ್ತು ದಾಸ್ತಾನಿನ ತಂತ್ರಾಂಶ ಮಾಡಿಕೊಡುತ್ತೇವೆ. 2011ರಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕೋಡ್‌ಇಗ್ನೈಟರ್ ಫ್ರೇಮ್‌ವರ್ಕ್ ಬಳಸಿ ಬರೆದದ್ದು. ಇವತ್ತಿಗೂ ಪಿಎಚ್‌ಪಿ 5.6, ಮೈಎಸ್‌ಕ್ಯುಎಲ್ 5.7 ಡೇಟಾಬೇಸ್ ಮತ್ತು ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಸೆಂಟ್‌ಓಎಸ್ 7ರ ಮೇಲೆ ಓಡುತ್ತಿದೆ. ಹದಿನಾಲ್ಕು ಪ್ರೋಗ್ರಾಮರ್‌ಗಳಿದ್ದಾರೆ. ಈ ವರ್ಷ ಮೂವರು ಕೆಲಸ ಬಿಟ್ಟರು. ‘ಹಳೆಯ ತಂತ್ರಜ್ಞಾನದಲ್ಲಿ ಭವಿಷ್ಯವಿಲ್ಲ’ ಎಂದರು. ದೊಡ್ಡ ಗ್ರಾಹಕರೊಬ್ಬರು ಭದ್ರತೆಯ ಪ್ರಶ್ನಾವಳಿ ಕಳಿಸಿ, ಯಾವ ಆವೃತ್ತಿ ಬಳಸುತ್ತಿದ್ದೀರಿ ಎಂದು ಕೇಳಿದ್ದಾರೆ. ನಾವು ಕರೆಸಿದ ಸಲಹೆಗಾರರು ಎಲ್ಲವನ್ನೂ ನೋಡ್‌ಜೆಎಸ್, ಮಾಂಗೊಡಿಬಿ ಡೇಟಾಬೇಸ್, ಮೈಕ್ರೋಸರ್ವಿಸ್ ಮತ್ತು (ಅನೇಕ ಸೇವೆಗಳನ್ನು ಹಲವು ಸರ್ವರ್‌ಗಳಲ್ಲಿ ಓಡಿಸಿ ನಿಭಾಯಿಸುವ) ಕುಬರ್ನೆಟಿಸ್‌ನಲ್ಲಿ ಹೊಸದಾಗಿ ಬರೆಯಬೇಕು, ಹತ್ತು ತಿಂಗಳು ಸಾಕು, ಅಲ್ಲಿಯವರೆಗೆ ಹೊಸ ಸೌಲಭ್ಯ ಕೊಡುವುದನ್ನು ನಿಲ್ಲಿಸಿ ಎನ್ನುತ್ತಾರೆ. ಪಿಎಚ್‌ಪಿ ನಿಜಕ್ಕೂ ಸತ್ತಿದೆಯೇ? ನಾವು ಏನು ಮಾಡಬೇಕು? (ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಭಾಷೆ ಹಳೆಯದಾಯಿತೇ ಎಂಬುದು ಒಂದು. ಬೆಂಬಲ ಮುಗಿದ ಆವೃತ್ತಿಗಳ ಮೇಲೆ ವ್ಯವಹಾರ ನಡೆದಿದೆ ಎಂಬುದು ಇನ್ನೊಂದು. ಜನ ನಿಲ್ಲುತ್ತಿಲ್ಲ ಎಂಬುದು ಮೂರನೆಯದು. ಸಲಹೆಗಾರರು ಮೂರಕ್ಕೂ ಒಂದೇ ಮದ್ದು ಕೊಟ್ಟಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡನೆಯ ಚಿಂತೆ ನಿಜವಾದ ಅಪಾಯ, ಅದಕ್ಕೆ ಈ ತಿಂಗಳೇ ಕೈ ಹಾಕಬೇಕು. ಮೊದಲನೆಯದಕ್ಕೆ ಹೆಚ್ಚು ಆಧಾರವಿಲ್ಲ. ಮೂರನೆಯದರ ಬೇರು ನೀವು ಅಂದುಕೊಂಡದ್ದಕ್ಕಿಂತ ಬೇರೆ ಕಡೆ ಇದೆ.

ಪಿಎಚ್‌ಪಿ ಸತ್ತಿಲ್ಲ. ವಿಕಿಪೀಡಿಯ ಓಡುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆ. ಕನ್ನಡ ವಿಕಿಪೀಡಿಯವೂ ಅದರಲ್ಲೇ ಇದೆ. ಫೇಸ್‌ಬುಕ್ 2004ರಲ್ಲಿ ಪಿಎಚ್‌ಪಿಯಲ್ಲಿ ಶುರುವಾಯಿತು. ಬಳಕೆದಾರರು ಕೋಟಿಗಟ್ಟಲೆ ಆದಾಗಲೂ ಅವರು ಬರೆದದ್ದನ್ನು ಎಸೆಯಲಿಲ್ಲ. ಅದೇ ಕೋಡ್ ವೇಗವಾಗಿ ಓಡುವಂತೆ ತಮ್ಮದೇ ಎಂಜಿನ್ ಕಟ್ಟಿಕೊಂಡರು, 2014ರಲ್ಲಿ ಪಿಎಚ್‌ಪಿಯಿಂದಲೇ ಬೆಳೆಸಿದ ಹ್ಯಾಕ್ ಎಂಬ ಭಾಷೆಯನ್ನು ಹೊರತಂದರು, ಹಳೆಯ ಕೋಡನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಒಗ್ಗಿಸಿಕೊಂಡರು. ನಿಮ್ಮ ಗ್ರಾಹಕರ ಸಂಖ್ಯೆ ಹತ್ತು ಪಟ್ಟು ಹೆಚ್ಚಿದರೂ ಪಿಎಚ್‌ಪಿಯ ವೇಗ ನಿಮಗೆ ಅಡ್ಡಿಯಾಗುವ ಸಂಭವ ಕಡಿಮೆ. ಬಿಲ್ಲಿಂಗ್ ತಂತ್ರಾಂಶ ನಿಧಾನವಾದಾಗ ಬಹುತೇಕ ಕಾರಣ ಡೇಟಾಬೇಸಿನಲ್ಲಿ ಸಿಗುತ್ತದೆ: ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಇಲ್ಲದ ಕೋಷ್ಟಕ, ತಿಂಗಳ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ತೆಗೆಯುವ ದಾಸ್ತಾನು ವರದಿ.

ಆದರೆ ಪಿಎಚ್‌ಪಿ 5.6ರ ಕಥೆ ಬೇರೆ. ಅದಕ್ಕೆ ಭದ್ರತಾ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಬರುವುದು 2018ರ ಡಿಸೆಂಬರ್ 31ಕ್ಕೆ ನಿಂತಿತು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು, ಮೈಎಸ್‌ಕ್ಯುಎಲ್ 5.7ರದ್ದು 2023ರ ಅಕ್ಟೋಬರ್‌ಗೆ. ಅಂದರೆ ನಿಮ್ಮ ಕಟ್ಟಡದ ಮೂರೂ ಅಂತಸ್ತುಗಳಲ್ಲಿ ಇವತ್ತು ಹೊಸ ಬಿರುಕು ಕಂಡರೆ ಉಚಿತವಾಗಿ ಮುಚ್ಚಿಕೊಡುವವರಿಲ್ಲ. ಕಂಡುಬಂದ ದೋಷಗಳ ವಿವರ ಬಹಿರಂಗವಾಗಿ ಪ್ರಕಟವಾಗುತ್ತದೆ. ಅದನ್ನು ಓದಿ ಹಳೆಯ ಸರ್ವರ್‌ಗಳನ್ನು ಹುಡುಕಿಕೊಂಡು ಹೋಗುವ ಕೆಲಸ ಈಗ ಪೂರ್ತಿ ಸ್ವಯಂಚಾಲಿತ. ನಿಮ್ಮ ಕಂಪನಿ ಚಿಕ್ಕದು, ನಮ್ಮ ಮೇಲೆ ಯಾರ ಕಣ್ಣು ಬಿದ್ದೀತು ಎಂಬ ಮಾತು ಇಲ್ಲಿ ಸಲ್ಲದು. ನಿಮ್ಮ ದೊಡ್ಡ ಗ್ರಾಹಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

ಹಾಗಾದರೆ ಪೂರ್ತಿ ಹೊಸದಾಗಿ ಬರೆದರೆ ಒಂದೇ ಏಟಿಗೆ ಮುಗಿಯುವುದಿಲ್ಲವೇ? ನನಗೆ ಹೆಚ್ಚು ಭಯವಿರುವುದು ಈ ಆಲೋಚನೆಯ ಬಗ್ಗೆ. ನೆಟ್‌ಸ್ಕೇಪ್ ಬ್ರೌಸರ್‌ನ ನಾಲ್ಕನೆಯ ಆವೃತ್ತಿ 1997ರಲ್ಲಿ ಬಂತು. ಮರುವರ್ಷ ಕಂಪನಿ ಹಳೆಯ ಕೋಡ್ ಬದಿಗಿಟ್ಟು ಹೊಸದಾಗಿ ಬರೆಯಲು ಕುಳಿತಿತು. ಐದನೆಯ ಆವೃತ್ತಿ ಹೊರಬರಲೇ ಇಲ್ಲ. ಆರನೆಯದು ಬಂದದ್ದು 2000ದ ನವೆಂಬರ್‌ನಲ್ಲಿ. ಅಷ್ಟರಲ್ಲಿ ಮೈಕ್ರೋಸಾಫ್ಟ್‌ನ ಬ್ರೌಸರ್ ಮಾರುಕಟ್ಟೆಯನ್ನು ಬಾಚಿಕೊಂಡಿತ್ತು. ಆ ಹೊಸ ಕೋಡಿನಿಂದಲೇ ಮುಂದೆ 2004ರಲ್ಲಿ ಫೈರ್‌ಫಾಕ್ಸ್ ಹುಟ್ಟಿತು, ಹಾಗಾಗಿ ಶ್ರಮ ವ್ಯರ್ಥವಾಯಿತು ಎನ್ನಲಾರೆ. ಆದರೆ ಅದರ ಫಲ ಉಣ್ಣಲು ನೆಟ್‌ಸ್ಕೇಪ್ ಎಂಬ ಕಂಪನಿ ಉಳಿದಿರಲಿಲ್ಲ.

ನಿಮ್ಮ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು. ನಿಮ್ಮ ಕೋಡಿನಲ್ಲಿ ತೆರಿಗೆ ಕಾನೂನು ಇದೆ. ಜಿಎಸ್‌ಟಿ 2017ರ ಜುಲೈ 1ರಂದು ಬಂತು. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟು ಮೀರಿದವರಿಂದ ಶುರುವಾಗಿ 100, 50, 20, 10 ಎಂದು ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂದು ನಿಂತಿತು. ಮೂರು ವರ್ಷ ತುಂಬುವುದರೊಳಗೆ ಆರು ಮಿತಿಗಳು. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿತರಾದ ನಿಮ್ಮ ಗ್ರಾಹಕರ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಆ ದಾಖಲಿಸುವಿಕೆಯನ್ನು ಯಾರೂ ನಿಲ್ಲಿಸಲು ಬರಬಾರದು ಎಂಬ ನಿಯಮ ಬಂತು. 2025ರ ಸೆಪ್ಟೆಂಬರ್ 22ರಿಂದ ದರಗಳ ಹಂತಗಳೇ ಬದಲಾದವು. ‘ಹತ್ತು ತಿಂಗಳು ಹೊಸದೇನನ್ನೂ ಸೇರಿಸಬೇಡಿ’ ಎಂದು ಸಲಹೆಗಾರರು ನಿಮಗೆ ಹೇಳಬಹುದು. ಜಿಎಸ್‌ಟಿ ಮಂಡಳಿಗೆ ಹೇಳುವವರು ಯಾರು? ನಡುವೆ ನಿಯಮ ಬದಲಾದರೆ ಅದನ್ನು ಹಳೆಯದಕ್ಕೂ ಬರೆಯಬೇಕು, ಹೊಸದಕ್ಕೂ ಬರೆಯಬೇಕು. ನಾನು ನೋಡಿದ ಕಂಪನಿಯೊಂದರಲ್ಲಿ ಇದೇ ಆಯಿತು. ಹಳೆಯ ತಂಡಕ್ಕೆ ದುರಸ್ತಿಯ ಕೆಲಸ, ಹೊಸ ತಂಡಕ್ಕೆ ಮರ್ಯಾದೆಯ ಕೆಲಸ ಎಂದು ಹಂಚಿದರು. ಹಳೆಯ ತಂಡದ ಅನುಭವಿಗಳು ಬೇಸತ್ತು ಹೊರಟುಹೋದರು. ನಿಯಮಗಳ ಒಳಸುಳಿ ತಿಳಿದವರು ಅವರಷ್ಟೇ ಆಗಿದ್ದರು.

ಒಳಸುಳಿ ಎಂದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿತರಕರ ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತಿ ಸಾಲಿಗೂ ಹತ್ತಿರದ ಪೈಸೆಗೆ ಪೂರ್ಣಗೊಳಿಸಿ (ರೌಂಡ್ ಮಾಡಿ) ಕೂಡಿದರೆ ಒಂದು ಮೊತ್ತ ಬರುತ್ತದೆ, ಎಲ್ಲ ಕೂಡಿದ ಮೇಲೆ ಪೂರ್ಣಗೊಳಿಸಿದರೆ ಇನ್ನೊಂದು. ವ್ಯತ್ಯಾಸ ಎರಡು ಮೂರು ಪೈಸೆ ಇರಬಹುದು, ಆದರೆ ವ್ಯಾಪಾರಿಯ ಲೆಕ್ಕಕ್ಕೂ ರಿಟರ್ನ್‌ಗೂ ತಾಳೆ ಬೀಳುವುದಿಲ್ಲ. ‘ಹತ್ತು ಪೆಟ್ಟಿಗೆಗೆ ಒಂದು ಉಚಿತ’ ಎಂಬ ಯೋಜನೆಯಲ್ಲಿ ಮಾರಿದ ಸರಕಿನಲ್ಲಿ ಆರು ಪೆಟ್ಟಿಗೆ ವಾಪಸು ಬಂದರೆ ಉಚಿತ ಪೆಟ್ಟಿಗೆಯನ್ನು ಏನು ಮಾಡಬೇಕು? ದರ ಬದಲಾದ ದಿನಕ್ಕಿಂತ ಮೊದಲು ಮಾರಿದ್ದು ಆಮೇಲೆ ವಾಪಸು ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಹೋಗಬೇಕು. ಇವೆಲ್ಲ ನಿಮ್ಮ ಕೋಡಿನಲ್ಲಿ ಎಲ್ಲೋ ಒಂದೊಂದು ಸಾಲಾಗಿ ಕುಳಿತಿವೆ. ಹೊಸಬನ ಕಣ್ಣಿಗೆ ಅದು ಗಲೀಜು. ಪ್ರತಿ ಸಾಲಿನ ಹಿಂದೆಯೂ ಗದಗದ ಅಥವಾ ವಿಜಯಪುರದ ಯಾವುದೋ ಅಂಗಡಿಯಿಂದ ಬಂದ ಸಿಟ್ಟಿನ ದೂರವಾಣಿ ಕರೆ ಇದೆ. ದಾಖಲೆ ಬರೆದಿಟ್ಟಿಲ್ಲವಾದರೆ ಆ ಜ್ಞಾನವೆಲ್ಲ ಕೋಡಿನಲ್ಲಿ ಮಾತ್ರ ಉಳಿದಿದೆ.

ಇನ್ನು ಸಲಹೆಗಾರರು ಸೂಚಿಸಿದ ಹೊಸ ಸ್ಟ್ಯಾಕ್, ಅಂದರೆ ತಂತ್ರಾಂಶ ಕಟ್ಟಲು ಆರಿಸಿಕೊಳ್ಳುವ ತಂತ್ರಜ್ಞಾನಗಳ ಜೋಡಣೆ, ಅದರ ಬಗ್ಗೆ. ಅವು ಯಾವುವೂ ಕೆಟ್ಟ ತಂತ್ರಜ್ಞಾನಗಳಲ್ಲ. ಯಾರ ಕಷ್ಟಕ್ಕೆ ಹುಟ್ಟಿದವು ಎಂದು ನೋಡಬೇಕು. ತಂತ್ರಾಂಶವನ್ನು ಪುಟ್ಟ ಪುಟ್ಟ ಸ್ವತಂತ್ರ ಸೇವೆಗಳಾಗಿ ಒಡೆಯುವ ಮೈಕ್ರೋಸರ್ವಿಸ್ ಪದ್ಧತಿ ನೂರಾರು ಎಂಜಿನಿಯರುಗಳು ಒಬ್ಬರ ಕಾಲನ್ನೊಬ್ಬರು ತುಳಿಯದಂತೆ ಕೆಲಸ ಮಾಡಲು ನೆರವಾಗುತ್ತದೆ. ಹದಿನಾಲ್ಕು ಜನರ ನಿಮ್ಮ ತಂಡಕ್ಕೆ ಆ ಕಷ್ಟ ಇಲ್ಲವೇ ಇಲ್ಲ. ಬದಲಿಗೆ ಹೊಸ ಕಷ್ಟ ಬರುತ್ತದೆ: ಮೊದಲು ಒಂದು ಪ್ರೋಗ್ರಾಮಿನೊಳಗೆ ನಡೆಯುತ್ತಿದ್ದ ಕರೆ ಈಗ ನೆಟ್‌ವರ್ಕ್ ದಾಟಬೇಕು, ದಾರಿಯಲ್ಲಿ ಅದು ತಡವಾಗಬಹುದು, ಕಳೆದುಹೋಗಬಹುದು, ಎರಡು ಸಲ ತಲುಪಬಹುದು. ಬಿಲ್ ಆಯಿತು, ದಾಸ್ತಾನು ಇಳಿಯಲಿಲ್ಲ ಎಂಬ ಸ್ಥಿತಿಯನ್ನು ನೀವು ಹೊಸದಾಗಿ ಕಾಣುತ್ತೀರಿ. ಸೆಗ್ಮೆಂಟ್ ಎಂಬ ಅಮೆರಿಕದ ಕಂಪನಿ 140ಕ್ಕೂ ಹೆಚ್ಚು ಸೇವೆಗಳಾಗಿ ಒಡೆದುಕೊಂಡಿದ್ದ ತನ್ನ ವ್ಯವಸ್ಥೆಯನ್ನು ನಿಭಾಯಿಸಲಾಗದೆ ಮತ್ತೆ ಒಂದಾಗಿಸಿದ ಅನುಭವವನ್ನು 2018ರಲ್ಲಿ ಬಹಿರಂಗವಾಗಿ ಬರೆಯಿತು. ಅಮೆಜಾನ್‌ನ ಪ್ರೈಮ್ ವಿಡಿಯೊದ ಒಂದು ತಂಡ 2023ರಲ್ಲಿ ತನ್ನ ವಿಡಿಯೊ ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆಯನ್ನು ಹಾಗೆಯೇ ಒಟ್ಟುಗೂಡಿಸಿ ವೆಚ್ಚವನ್ನು ಶೇ. 90ಕ್ಕಿಂತ ಹೆಚ್ಚು ಇಳಿಸಿತು. ಅದು ಒಂದು ತಂಡದ ಒಂದು ಸಲಕರಣೆಯ ಕಥೆ, ಇಡೀ ಅಮೆಜಾನ್‌ನದ್ದಲ್ಲ. ಆದರೂ ಒಡೆಯುವುದೇ ಪ್ರಗತಿ ಎಂಬ ನಂಬಿಕೆಗೆ ಸಾಕಷ್ಟು ಉತ್ತರ. ಇನ್ನೊಂದು ಕಡೆ ನೋಡಿ: ಇನ್‌ಸ್ಟಾಗ್ರಾಮನ್ನು 2012ರಲ್ಲಿ ಫೇಸ್‌ಬುಕ್ ಕೊಂಡಾಗ ಅದರಲ್ಲಿ ಇದ್ದವರು ಹದಿಮೂರು ಮಂದಿ. ಪೈಥಾನ್ ಭಾಷೆಯ ಜಾಂಗೊ ಫ್ರೇಮ್‌ವರ್ಕ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಂಬ ಎಲ್ಲರಿಗೂ ಗೊತ್ತಿದ್ದ ಸಾಮಾನುಗಳಿಂದಲೇ ಕೋಟ್ಯಂತರ ಬಳಕೆದಾರರನ್ನು ನಿಭಾಯಿಸುತ್ತಿದ್ದರು. ನಮ್ಮ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ ಕೂಡ ಸಣ್ಣ ತಾಂತ್ರಿಕ ತಂಡ ಇಟ್ಟುಕೊಂಡು, ಗೋ ಭಾಷೆ ಮತ್ತು ಪೋಸ್ಟ್‌ಗ್ರೆಸ್‌ನಂತಹ ಕೆಲವೇ ಸಾಮಾನುಗಳನ್ನು ಚೆನ್ನಾಗಿ ಪಳಗಿಸಿಕೊಂಡು ಷೇರುಪೇಟೆಯ ಬೆಳಗಿನ ನೂಕುನುಗ್ಗಲನ್ನು ತಡೆದುಕೊಳ್ಳುತ್ತದೆ.

ಮಾಂಗೊಡಿಬಿ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ನೇರ. ನಿಮ್ಮ ಮಾಹಿತಿ ಹುಟ್ಟಿನಿಂದಲೇ ಕೋಷ್ಟಕದ ರೂಪದ್ದು: ಗ್ರಾಹಕ, ಸರಕು, ಬಿಲ್, ಬಿಲ್ಲಿನ ಸಾಲು, ಖಾತೆ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ತಾಳೆಯಾಗಲೇಬೇಕು. ಇಂತಹ ಕೆಲಸಕ್ಕೆ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಗಳೇ ತಕ್ಕವು. ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ ಟ್ರಾನ್ಸಾಕ್ಷನ್ ಮಾಂಗೊಡಿಬಿಗೆ 2018ರಲ್ಲಿ ಬಂದಿದೆ, ಆದರೆ ಇರುವ ಒಳ್ಳೆಯ ವ್ಯವಸ್ಥೆ ಬಿಟ್ಟು ಅಲ್ಲಿಗೆ ಹೋಗಲು ನಿಮಗೆ ಕಾರಣವೇ ಕಾಣುತ್ತಿಲ್ಲ.

ಸ್ಟ್ಯಾಕ್ ಆರಿಸುವಾಗ ಜನ ಹೀಗೇಕೆ ಎಡವುತ್ತಾರೆ? ದುರುದ್ದೇಶ ಇರುವುದು ಅಪರೂಪ. ಸಲಹೆಗಾರರು ತಮ್ಮ ಬಳಿ ಯಾವ ಜನರಿದ್ದಾರೋ ಆ ತಂತ್ರಜ್ಞಾನವನ್ನೇ ಸೂಚಿಸುತ್ತಾರೆ. ಯುವ ಎಂಜಿನಿಯರುಗಳಿಗೆ ಮುಂದಿನ ಸಂದರ್ಶನದಲ್ಲಿ ಹೇಳಿಕೊಳ್ಳಲು ಹೊಸ ಹೆಸರುಗಳು ಬೇಕು. ಅದನ್ನು ತಪ್ಪೆನ್ನಲಾಗದು, ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. ಮಾಲೀಕರು ಕಟ್ಟುವ ಖರ್ಚನ್ನು ಲೆಕ್ಕ ಹಾಕುತ್ತಾರೆ, ಹತ್ತು ವರ್ಷ ಸಾಕುವ ಖರ್ಚನ್ನು ಹಾಕುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬೆಳಗಾವಿಯ ಗೋದಾಮಿನಲ್ಲಿ ಲಾರಿ ನಿಂತಿರುವಾಗ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಬರುತ್ತಿಲ್ಲ ಎಂದರೆ ಯಾರು ಏಳುತ್ತಾರೆ, ಎದ್ದವರಿಗೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆಯೇ? ನಾನು ಸ್ಟ್ಯಾಕ್ ಬಗ್ಗೆ ಸಲಹೆ ಕೊಡುವಾಗ ಮೊದಲು ಕೇಳುವುದು ಇದನ್ನೇ. ಕುಬರ್ನೆಟಿಸ್ ತಂದರೆ ಅದನ್ನು ಬಲ್ಲ ಕನಿಷ್ಠ ಇಬ್ಬರು ನಿಮ್ಮ ಸಂಬಳದ ಪಟ್ಟಿಯಲ್ಲಿ ಸದಾ ಇರಬೇಕು. ಅಂತಹವರು ಬೆಂಗಳೂರಿನ ಸಂಬಳ ಬಿಟ್ಟು ಹುಬ್ಬಳ್ಳಿಯಲ್ಲಿ ನಿಲ್ಲುತ್ತಾರೆಯೇ ಎಂಬುದನ್ನು ನೀವೇ ಯೋಚಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು.

ಹೇಗಿದೆಯೋ ಹಾಗೆ ಬಿಡುವುದು ಒಂದು. ಹಣ ಕೊಟ್ಟರೆ ಬೆಂಬಲ ಮುಗಿದ ಪಿಎಚ್‌ಪಿಗೂ ಸೆಂಟ್‌ಓಎಸ್‌ಗೂ ಪ್ಯಾಚ್ ಒದಗಿಸುವ ಸಂಸ್ಥೆಗಳಿವೆ. ಅದನ್ನು ಆರೆಂಟು ತಿಂಗಳ ಉಸಿರಾಟಕ್ಕೆ ಬಳಸಬಹುದು, ಅದೇ ಬದುಕಾಗಬಾರದು.

ಎರಡನೆಯದು, ಇರುವಲ್ಲೇ ಆವೃತ್ತಿ ಏರಿಸುವುದು. ನಾನು ನಿಮಗೆ ಹೇಳುವುದು ಇದನ್ನು. ಆದರೆ ಇದೂ ಹೂವಿನ ಹಾದಿಯಲ್ಲ. 5.6ರಿಂದ ಒಮ್ಮೆಲೇ 8ಕ್ಕೆ ಜಿಗಿಯದೆ ನಡುವೆ 7.4ರಲ್ಲಿ ಒಮ್ಮೆ ನಿಂತು ಎಲ್ಲ ಸರಿಯಾಗಿದೆಯೇ ನೋಡಿಕೊಳ್ಳಿ. ಅದು ತಂಗುದಾಣ ಮಾತ್ರ, ಅದರ ಬೆಂಬಲವೂ 2022ರ ನವೆಂಬರ್‌ಗೆ ಮುಗಿದಿದೆ. ಪಿಎಚ್‌ಪಿ 7 ಬಂದಾಗಲೇ ಹಳೆಯ ಮೈಎಸ್‌ಕ್ಯುಎಲ್ ಕರೆಗಳನ್ನು ತೆಗೆದುಹಾಕಿದ್ದಾರೆ, ಅವನ್ನೆಲ್ಲ ಬದಲಿಸಬೇಕು. 8ರಲ್ಲಿ ಇನ್ನೂ ಸೂಕ್ಷ್ಮವಾದ ಬದಲಾವಣೆ ಇದೆ: ಮೊದಲು ಸೊನ್ನೆಯನ್ನು ಯಾವುದೋ ಅಕ್ಷರಗಳ ಕೋಡಿನ ಜೊತೆ ಎರಡು ಸಮಚಿಹ್ನೆಯಿಂದ ಹೋಲಿಸಿದರೆ ‘ಸಮ’ ಎಂಬ ಉತ್ತರ ಬರುತ್ತಿತ್ತು, ಈಗ ‘ಸಮವಲ್ಲ’ ಎಂದು ಬರುತ್ತದೆ. ರಿಯಾಯಿತಿ ಕೋಡಿನ ಜಾಗದಲ್ಲಿ ಸೊನ್ನೆ ಇಟ್ಟು ಹೋಲಿಸಿದ ಸಾಲು ನಿಮ್ಮಲ್ಲಿ ಎಲ್ಲಾದರೂ ಇದ್ದರೆ ಯಾವ ದೋಷಸಂದೇಶವೂ ಇಲ್ಲದೆ ಬಿಲ್ಲಿನ ಮೊತ್ತ ಬದಲಾಗುತ್ತದೆ. ರೆಕ್ಟರ್, ಪಿಎಚ್‌ಪಿಸ್ಟ್ಯಾನ್ ಎಂಬ ಉಚಿತ ಸಲಕರಣೆಗಳು ಇಂತಹ ಬಹಳಷ್ಟು ಜಾಗಗಳನ್ನು ಹುಡುಕಿಕೊಡುತ್ತವೆ, ಎಲ್ಲವನ್ನೂ ಅಲ್ಲ. ಮೈಎಸ್‌ಕ್ಯುಎಲ್ ಕೂಡ 5.7ರಿಂದ ನೇರವಾಗಿ 8.4ಕ್ಕೆ ಏರುವುದಿಲ್ಲ, ನಡುವೆ 8.0 ಮುಟ್ಟಿಯೇ ಹೋಗಬೇಕು. 8.0ರಲ್ಲಿ ‘ಗ್ರೂಪ್ಸ್’, ‘ರ‍್ಯಾಂಕ್’ ಮುಂತಾದ ಪದಗಳು ಕಾಯ್ದಿರಿಸಿದ ಪದಗಳಾದವು. ಗ್ರಾಹಕರ ಗುಂಪುಗಳ ಕೋಷ್ಟಕಕ್ಕೆ ನೀವು ‘ಗ್ರೂಪ್ಸ್’ ಎಂದೇ ಹೆಸರಿಟ್ಟಿದ್ದರೆ ಆ ಕೋಷ್ಟಕದಿಂದ ಮಾಹಿತಿ ಕೇಳುವ ಕ್ವೆರಿಗಳೆಲ್ಲ ಅಲ್ಲೇ ನಿಲ್ಲುತ್ತವೆ. ಸೆಂಟ್‌ಓಎಸ್ ಜಾಗಕ್ಕೆ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಸಾಕು.

ಕನ್ನಡದಲ್ಲಿ ಬಿಲ್ ಅಥವಾ ಡೆಲಿವರಿ ಚೀಟಿ ಮುದ್ರಿಸುತ್ತಿದ್ದರೆ ಒಂದು ವಿಶೇಷ ಎಚ್ಚರಿಕೆ. ಆ ಕಾಲದ ಎಷ್ಟೋ ಕೋಷ್ಟಕಗಳು ಲ್ಯಾಟಿನ್ ಎಂದು ಗುರುತಿಸಿಕೊಂಡೇ ಒಳಗೆ ಕನ್ನಡ ಯೂನಿಕೋಡ್ ಇಟ್ಟುಕೊಂಡಿವೆ. ಕೆಲವೆಡೆ ನುಡಿ ಅಥವಾ ಬರಹದ ಹಳೆಯ ಫಾಂಟಿನ ಸಂಕೇತಗಳಲ್ಲೇ ಅಂಗಡಿಯ ಹೆಸರು, ವಿಳಾಸ ಸೇರಿಸಿಟ್ಟಿದ್ದಾರೆ. ಹಳೆಯ ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಡೇಟಾಬೇಸ್ ಹೊಸ ಆವೃತ್ತಿಗೆ ಸಾಗಿದ ದಿನ ‘ಶ್ರೀ ಬಸವೇಶ್ವರ ಟ್ರೇಡರ್ಸ್’ ಎಂಬುದು ಚುಕ್ಕೆ, ಕೊಂಬುಗಳ ರಾಶಿಯಾಗುತ್ತದೆ. ಮೊದಲು ನಕಲು ಪ್ರತಿಯ ಮೇಲೆ ಪರಿವರ್ತನೆ ಮಾಡಿ, ಕನ್ನಡ ಓದಬಲ್ಲವರಿಂದ ಕಣ್ಣಾರೆ ಪರೀಕ್ಷೆ ಮಾಡಿಸಿ.

ಇದೆಲ್ಲಕ್ಕೂ ಮೊದಲಿನ ಕೆಲಸ ಒಂದಿದೆ. ಕಳೆದ ವರ್ಷದ ನಿಜವಾದ ಬಿಲ್‌ಗಳನ್ನು ಗ್ರಾಹಕರ ಗುರುತು ತೆಗೆದು ಒಟ್ಟುಮಾಡಿ. ವಾಪಸಾತಿ, ಉಚಿತ ಸರಕು, ದರ ಬದಲಾದ ವಾರ, ಎಲ್ಲವೂ ಅದರಲ್ಲಿರಲಿ. ಅದೇ ಮಾಹಿತಿಯನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ, ಪೈಸೆಗೆ ಪೈಸೆ ತಾಳೆ ನೋಡುವ ಪ್ರೋಗ್ರಾಂ ಬರೆಯಿರಿ. ಈ ಒಂದು ಹೂಡಿಕೆ ಮುಂದಿನ ಯಾವ ದಾರಿ ಹಿಡಿದರೂ ನಿಮ್ಮ ಕೈಬಿಡುವುದಿಲ್ಲ.

ಮೂರನೆಯ ದಾರಿ, ಭಾಗ ಭಾಗವಾಗಿ ಬದಲಿಸುವುದು. ತಾಳೆಮರದ ನೆತ್ತಿಯಲ್ಲಿ ಮೊಳೆತ ಆಲ ನಿಧಾನವಾಗಿ ಬೇರು ಇಳಿಸಿ ಒಂದು ದಿನ ತಾನೇ ನಿಲ್ಲುತ್ತದಲ್ಲ, ಹಾಗೆ. ಮುಂದೆ ಒಂದು ದ್ವಾರಪಾಲಕ ಸರ್ವರ್ ಇಟ್ಟು, ವರದಿಗಳ ಕೋರಿಕೆ ಬಂದರೆ ಹೊಸ ಕೋಡಿಗೆ, ಉಳಿದದ್ದು ಹಳೆಯದಕ್ಕೆ ಎಂದು ಕಳಿಸಬೇಕು. ವರದಿಗಳು ಮಾಹಿತಿಯನ್ನು ಓದುತ್ತವೆಯೇ ಹೊರತು ಬದಲಿಸುವುದಿಲ್ಲ, ಹಾಗಾಗಿ ಅಲ್ಲಿಂದ ಆರಂಭಿಸುವುದು ಕ್ಷೇಮ. ಆಮೇಲೆ ಮಾರಾಟ ಪ್ರತಿನಿಧಿಗಳು ಮೊಬೈಲ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಭಾಗ. ತೆರಿಗೆ ಮತ್ತು ಖಾತೆ ಕಟ್ಟಕಡೆಗೆ. ಹೊಸ ಭಾಗವನ್ನು ಇವತ್ತಿನ ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕ್‌ನಲ್ಲಿ ಬರೆದರೆ ನಿಮ್ಮ ಜನರೇ ಸಾಕು. ಇದರ ಅಪಾಯವನ್ನೂ ಹೇಳಬೇಕು: ಅರ್ಧಕ್ಕೆ ನಿಂತರೆ ಎರಡು ವ್ಯವಸ್ಥೆಗಳನ್ನು ಸಾಕುವ ಹೊರೆ ಶಾಶ್ವತವಾಗುತ್ತದೆ. ಹೊಸ ಭಾಗ ಚಾಲನೆಗೆ ಬಂದ ಮೇಲೆ ಹಳೆಯ ಭಾಗವನ್ನು ಅಳಿಸುವ ದಿನಾಂಕವನ್ನೂ ಮೊದಲೇ ಬರೆದಿಡಿ.

ಪೂರ್ತಿ ಹೊಸದಾಗಿ ಬರೆಯುವುದು ಯಾವಾಗಲೂ ತಪ್ಪೇ? ಅಲ್ಲ. ಮೂಲ ಕೋಡ್ ಕಳೆದುಹೋಗಿದ್ದರೆ, ಇಲ್ಲವೇ ವ್ಯಾಪಾರದ ಸ್ವರೂಪವೇ ಬದಲಾಗಿದ್ದರೆ ಬೇರೆ ದಾರಿ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ಅಂತಹದ್ದೇನೂ ಕಾಣಲಿಲ್ಲ.

ಕೆಲಸ ಬಿಟ್ಟ ಮೂವರ ವಿಷಯ. ಅವರು ‘ಹಳೆಯ ತಂತ್ರಜ್ಞಾನ’ ಎಂದದ್ದನ್ನು ಪೂರ್ತಿ ನಂಬಬೇಡಿ, ಪೂರ್ತಿ ತಳ್ಳಿಹಾಕಲೂ ಬೇಡಿ. ಸರ್ವರ್‌ಗೆ ನೇರವಾಗಿ ಫೈಲ್ ಏರಿಸುವುದು, ಟೆಸ್ಟ್ ಇಲ್ಲದೆ ಕೈಮುಗಿದು ಬಿಡುಗಡೆ ಮಾಡುವುದು, ಭಾನುವಾರವೂ ಫೋನ್ ಎತ್ತಬೇಕಾದದ್ದು, ಇವೆಲ್ಲವೂ ಯುವಕರ ಬಾಯಲ್ಲಿ ಅದೇ ಹೆಸರಿನಿಂದ ಬರುತ್ತವೆ. ಪಿಎಚ್‌ಪಿ 8ಕ್ಕೆ ಹೋಗುವ ಕೆಲಸವನ್ನೇ ಈಗ ಉಳಿದಿರುವ ಯುವಕರ ಕೈಗೆ ಕೊಡಿ, ಬಿಡುಗಡೆಯನ್ನು ಸ್ವಯಂಚಾಲಿತಗೊಳಿಸುವ ಜವಾಬ್ದಾರಿ ವಹಿಸಿ. ಹತ್ತು ವರ್ಷದ ವ್ಯವಸ್ಥೆಯನ್ನು ಒಂದು ದಿನವೂ ನಿಲ್ಲಿಸದೆ ಹೊಸ ಆವೃತ್ತಿಗೆ ಸಾಗಿಸಿದವರಿಗೆ ಯಾವ ಸಂದರ್ಶನದಲ್ಲೂ ಮರ್ಯಾದೆ ಇದೆ. ಸಂಬಳದ ಅಂತರ ಬೇರೆ ಮಾತು. ಅದನ್ನು ತಂತ್ರಜ್ಞಾನದಿಂದ ತುಂಬಲಾಗದು.

ಮುಂದೆ ಮತ್ತೆ ಇದೇ ಬಿಕ್ಕಟ್ಟಿಗೆ ಬೀಳದಿರಲು ಒಂದು ಪುಟದ ಪಟ್ಟಿ ಇಟ್ಟುಕೊಳ್ಳಿ. ಬಳಸುವ ಪ್ರತಿ ಸಾಮಾನು, ಅದರ ಆವೃತ್ತಿ, ಬೆಂಬಲ ಮುಗಿಯುವ ದಿನ, ಅದನ್ನು ಬಲ್ಲ ಇಬ್ಬರ ಹೆಸರು. ಎರಡನೆಯ ಹೆಸರಿನ ಜಾಗ ಖಾಲಿ ಇದ್ದರೆ ಮುಂದಿನ ತರಬೇತಿ ಅಲ್ಲಿಗೆ. ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಈಗ ಎರಡು ವರ್ಷ ಪೂರ್ಣ ಬೆಂಬಲ, ಮತ್ತೆರಡು ವರ್ಷ ಭದ್ರತಾ ಪ್ಯಾಚ್ ಇದೆ, ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಏರಿಸುವ ಕೆಲಸಕ್ಕೆ ಬಜೆಟ್‌ನಲ್ಲೇ ಜಾಗವಿಡಿ. ಪರವಾನಗಿಯ ಮೇಲೂ ಕಣ್ಣಿರಲಿ. ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಒದಗಿಸುವ ರೆಡಿಸ್ ಎಂಬ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ತನ್ನ ಮುಕ್ತ ಪರವಾನಗಿ ಕೈಬಿಟ್ಟಾಗ ವಾಲ್ಕಿ ಎಂಬ ಕವಲು ಹುಟ್ಟಿತು, ಮರುವರ್ಷ ರೆಡಿಸ್ ಮತ್ತೆ ಮುಕ್ತ ಪರವಾನಗಿಗೆ ಬಂತು. ನಡುವೆ ಎಷ್ಟೋ ಕಂಪನಿಗಳು ವಕೀಲರ ಬಳಿ ಓಡಿದವು.

ದೊಡ್ಡ ಗ್ರಾಹಕರ ಪ್ರಶ್ನಾವಳಿಗೆ ಇರುವ ಆವೃತ್ತಿಗಳನ್ನು ಮುಚ್ಚಿಡದೆ ಬರೆಯಿರಿ. ಜೊತೆಗೆ ಪ್ರತಿ ಹಂತಕ್ಕೂ ದಿನಾಂಕ ಹಾಕಿದ ಯೋಜನೆ ಲಗತ್ತಿಸಿ. ಅಲ್ಲಿಯವರೆಗೆ ಆಡಳಿತದ ಪರದೆಗಳನ್ನು ವಿಪಿಎನ್ ಹಿಂದೆ ಸರಿಸಿದ್ದೇವೆ, ಬ್ಯಾಕಪ್‌ನಿಂದ ಮರುಸ್ಥಾಪನೆ ಮಾಡಿ ನೋಡಿದ್ದೇವೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೇಳಿದಂತೆ 180 ದಿನಗಳ ಲಾಗ್ (ಸರ್ವರ್ ಚಟುವಟಿಕೆಯ ದಾಖಲೆ) ಇಟ್ಟಿದ್ದೇವೆ ಎಂದು ತಿಳಿಸಿ, ಮತ್ತು ಆ ಮೂರನ್ನೂ ಉತ್ತರ ಕಳಿಸುವ ಮೊದಲೇ ಮಾಡಿ ಮುಗಿಸಿ. ಇಂತಹ ಪ್ರಶ್ನಾವಳಿಗಳನ್ನು ಕಳಿಸುವ ಕಡೆಯೂ ನಾನು ಕುಳಿತಿದ್ದೇನೆ. ಹಳೆಯ ಆವೃತ್ತಿ ಕಂಡು ಗುತ್ತಿಗೆ ಕಳೆದವರಿಗಿಂತ, ಉತ್ತರದಲ್ಲಿ ಹೇಳಿದ್ದಕ್ಕೂ ಸರ್ವರ್‌ನಲ್ಲಿ ಕಂಡಿದ್ದಕ್ಕೂ ತಾಳೆಯಾಗದೆ ಕಳೆದವರೇ ಹೆಚ್ಚು.